ಮಂಗಳೂರು ನಗರದ ನದೀತೀರ: ಕಾಲಾನುಕ್ರಮದಲ್ಲಿ ಬದಲಾದ ಬಳಕೆ ಹಾಗೂ ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ನೇತ್ರಾವತಿ ಹಾಗೂ ಗುರುಪುರ (ಫಲ್ಗುಣಿ) ನದಿಗಳು ಮಂಗಳೂರು ನಗರದ ಅಂಚಿನಲ್ಲಿ ಕೂಡಿ, ಒಂದೇ ಅಳಿವೆಯ ಮೂಲಕ ಅರಬ್ಬೀ ಸಮುದ್ರವನ್ನು ಸೇರುತ್ತವೆ. ಈ ತೀರದಲ್ಲಿ ಮನೆ ಕಟ್ಟಲು, ಹಳೆಯ ಕಟ್ಟಡವನ್ನು ದುರಸ್ತಿಗೊಳಿಸಲು ಅಥವಾ ನಿವೇಶನ ಕೊಳ್ಳಲು ಮುಂದಾಗುವವರಿಗೆ, ನೆರೆಯ ಜಾಗಕ್ಕೆ ದೊರೆತ ಅನುಮತಿಯು ತಮ್ಮ ಜಾಗಕ್ಕೆ ಏಕೆ ದೊರೆಯುವುದಿಲ್ಲ ಎಂಬ ಪ್ರಶ್ನೆ ಸಹಜವಾಗಿಯೇ ಎದುರಾಗುತ್ತದೆ. ಸದರಿ ಜಾಗವು ಹಿಂದೆ ಯಾವ ಬಳಕೆಯಲ್ಲಿತ್ತು ಹಾಗೂ ನೀರಿನ ಅಂಚಿನಿಂದ ಎಷ್ಟು ದೂರದಲ್ಲಿದೆ ಎಂಬ ಎರಡು ಸಂಗತಿಗಳಲ್ಲಿ ಇದಕ್ಕೆ ಉತ್ತರವಿದೆ. ಸಾರ್ವಜನಿಕರ ತಿಳಿವಳಿಕೆಗಾಗಿ ಇವುಗಳನ್ನು ಇಲ್ಲಿ ವಿವರಿಸಲಾಗಿದೆ.

ವ್ಯಾಪಾರ ಮತ್ತು ರಕ್ಷಣೆಯ ತೀರ

14ನೆಯ ಶತಮಾನದ ಪ್ರವಾಸಿ ಇಬನ್ ಬತೂತನು ಮಂಗಳೂರನ್ನು ವಿದೇಶಿ ವರ್ತಕರು ನೆಲೆಸಿದ್ದ ಬಂದರೆಂದು ದಾಖಲಿಸಿದ್ದಾನೆ. ಮುಂದೆ ಪೋರ್ಚುಗೀಸರು, ಕೆಳದಿಯ ಅರಸರು ಹಾಗೂ 1763ರ ನಂತರ ಹೈದರಾಲಿಯು ಈ ಬಂದರಿನ ಮೇಲೆ ಹಿಡಿತ ಸಾಧಿಸಿದರು. ಶತ್ರುನೌಕೆಗಳು ಗುರುಪುರ ನದಿಯನ್ನು ಪ್ರವೇಶಿಸದಂತೆ ತಡೆಯಲು ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯನ್ನು ಬೋಳೂರಿನಲ್ಲಿ ಇಂದಿಗೂ ಕಾಣಬಹುದು. ಕಾವಲಿನ ಆ ತಾಣದ ಬಳಿಯಿಂದಲೇ ಈಗ ಪ್ರಯಾಣಿಕರು ದೋಣಿಯಲ್ಲಿ ಎದುರುದಡದ ತಣ್ಣೀರುಬಾವಿಗೆ ತೆರಳುತ್ತಾರೆ.

ಹಂಚು ಮತ್ತು ಕಾಫಿಯ ಕಾಲ

ಬಾಸೆಲ್ ಮಿಷನ್ 1865ರಲ್ಲಿ ನೇತ್ರಾವತಿ ತೀರದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿತು. ನದೀಪಾತ್ರದ ಜೇಡಿಮಣ್ಣು ದೋಣಿಗಳಲ್ಲಿ ಬಂದಿಳಿಯುತ್ತಿದ್ದುದರಿಂದಲೂ, ಸಿದ್ಧ ಹಂಚುಗಳು ಜಲಮಾರ್ಗದಲ್ಲಿಯೇ ಸಾಗಬೇಕಾಗಿದ್ದುದರಿಂದಲೂ, ಆ ಬಳಿಕ ಸ್ಥಾಪನೆಯಾದ ಹಲವು ಕಾರ್ಖಾನೆಗಳು ನದಿಯ ದಡವನ್ನೇ ಆಯ್ದುಕೊಂಡವು. ಕೊಡಗು ಹಾಗೂ ಚಿಕ್ಕಮಗಳೂರಿನ ಕಾಫಿಯೂ ಇಲ್ಲಿಂದಲೇ ರಫ್ತಾಗುತ್ತಿತ್ತು. 1907ರಲ್ಲಿ ರೈಲು ಸಂಪರ್ಕವು ದೊರೆಯಿತು. ಆದರೆ ಅಳಿವೆಯಲ್ಲಿ ಮರಳು ತುಂಬಿ ಆಳ ಕಡಿಮೆಯಾಗುತ್ತಿದ್ದ ಕಾರಣ ದೊಡ್ಡ ಹಡಗುಗಳು ಕಡಲಿನಲ್ಲಿಯೇ ಲಂಗರು ಹಾಕಬೇಕಾಗಿತ್ತು. ಸರಕನ್ನು ಸಣ್ಣ ನೌಕೆಗಳಲ್ಲಿ ಸಾಗಿಸಲಾಗುತ್ತಿತ್ತು. ಮಳೆಗಾಲದಲ್ಲಿ ಈ ಕೆಲಸ ಸ್ಥಗಿತಗೊಳ್ಳುತ್ತಿತ್ತು.

ಹೊಸ ಬಂದರು ಮತ್ತು ಮೀನುಗಾರಿಕೆ

ಈ ತೊಂದರೆಯನ್ನು ನಿವಾರಿಸಲು ಪಣಂಬೂರಿನಲ್ಲಿ ಸರ್ವಋತು ಬಂದರನ್ನು ನಿರ್ಮಿಸಲಾಯಿತು. 1974ರಲ್ಲಿ ಇದನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿಯಲ್ಲಿ ಉದ್ಘಾಟನೆಯಾಯಿತು. ದೊಡ್ಡ ಹಡಗುಗಳ ಸರಕು ಅಲ್ಲಿಗೆ ವರ್ಗಾವಣೆಗೊಂಡ ನಂತರ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳ ವ್ಯವಹಾರವೂ ಮೀನುಗಾರಿಕೆಯೂ ಉಳಿದವು.

ಮೀನುಗಾರಿಕೆಯಲ್ಲಿಯೂ ತೀರದ ಬಳಕೆ ಬದಲಾಯಿತು. ರಂಪಣಿ ಬಲೆಯನ್ನು ಎಳೆಯಲು ವಿಶಾಲವಾದ ತೆರೆದ ಮರಳದಂಡೆ ಬೇಕಾಗಿತ್ತು. 1970ರ ದಶಕದಲ್ಲಿ ಯಾಂತ್ರೀಕೃತ ದೋಣಿಗಳೂ ಪರ್ಸೀನ್ ಬಲೆಗಳೂ ಹೆಚ್ಚಿದಂತೆ ದಕ್ಕೆ, ಮಂಜುಗಡ್ಡೆ ಘಟಕ ಹಾಗೂ ಡೀಸೆಲ್ ಪೂರೈಕೆಯ ಅವಶ್ಯಕತೆ ಉಂಟಾಯಿತು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಯಾಂತ್ರೀಕೃತ ದೋಣಿಗಳೆಲ್ಲವೂ ದಡ ಸೇರುವುದರಿಂದ, ಹೊರನೋಟಕ್ಕೆ ಖಾಲಿಯೆಂದು ತೋರುವ ಜಾಗವೂ ವರ್ಷದ ಒಂದು ಭಾಗದಲ್ಲಿ ಮೀನುಗಾರ ಕುಟುಂಬಗಳಿಗೆ ಅನಿವಾರ್ಯವಾಗಿರುತ್ತದೆ.

ಪ್ರಸ್ತುತ ಬಳಕೆ

ಹಂಚಿನ ಬೇಡಿಕೆ ಕುಸಿದು ಅನೇಕ ಕಾರ್ಖಾನೆಗಳು ಮುಚ್ಚಿದ ಬಳಿಕ ನದಿಗೆ ಎದುರಾಗಿರುವ ಜಾಗಗಳಿಗೆ ವಸತಿ ಬೇಡಿಕೆ ಹೆಚ್ಚಿದೆ. 2016ರಲ್ಲಿ ಸ್ಮಾರ್ಟ್ ಸಿಟಿ ಅಭಿಯಾನಕ್ಕೆ ನಗರವು ಆಯ್ಕೆಯಾದ ನಂತರ ನೇತ್ರಾವತಿ ತೀರದಲ್ಲಿ ವಾಯುವಿಹಾರ ಪಥದ ಕಾಮಗಾರಿಯನ್ನು ಕೈಗೊಳ್ಳಲಾಯಿತು. ದುಡಿಮೆ, ವಾಸ, ವಿಹಾರ ಹಾಗೂ ನಿಸರ್ಗ ರಕ್ಷಣೆ ಎಂಬ ನಾಲ್ಕು ಬೇಡಿಕೆಗಳು ಒಂದೇ ಕಿರಿದಾದ ದಂಡೆಯ ಮೇಲೆ ಬಿದ್ದಿರುವುದೇ ಇಂದಿನ ಸಮಸ್ಯೆಯ ಮೂಲವಾಗಿದೆ.

ಅನ್ವಯವಾಗುವ ನಿಯಮಗಳು

ಕರಾವಳಿ ನಿಯಂತ್ರಣ ವಲಯ (ಸಿ.ಆರ್.ಝಡ್.) ಅಧಿಸೂಚನೆಯನ್ನು ಮೊದಲು 1991ರಲ್ಲಿ ಹೊರಡಿಸಲಾಯಿತು. ಅದರ ಬದಲಿಗೆ 2011ರಲ್ಲಿಯೂ, ಪುನಃ 2019ರ ಜನವರಿ 18ರಂದೂ ಹೊಸ ಅಧಿಸೂಚನೆಗಳು ಪ್ರಕಟಗೊಂಡವು. 2019ರ ಅಧಿಸೂಚನೆಯ ಮುಖ್ಯ ಅಂಶಗಳು ಈ ಕೆಳಕಂಡಂತಿವೆ:

1. ಸಮುದ್ರದ ಗರಿಷ್ಠ ಉಬ್ಬರ ರೇಖೆಯಿಂದ ಭೂಭಾಗದ ಕಡೆಗೆ 500 ಮೀಟರ್‌ವರೆಗಿನ ಪ್ರದೇಶವು ನಿಯಂತ್ರಣಕ್ಕೆ ಒಳಪಡುತ್ತದೆ.

2. ಉಬ್ಬರವಿಳಿತದ ಪ್ರಭಾವವಿರುವ ನದಿಗಳ ದಡದಲ್ಲಿ ಈ ಮಿತಿಯು 50 ಮೀಟರ್ ಅಥವಾ ನದಿಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟಾಗಿರುತ್ತದೆ. 2011ರ ಅಧಿಸೂಚನೆಯಲ್ಲಿ ಇದು 100 ಮೀಟರ್ ಆಗಿತ್ತು.

3. ನಗರದ ಅಭಿವೃದ್ಧಿ ಹೊಂದಿದ ಭಾಗದಲ್ಲಿ (ವಲಯ-2), ಅಸ್ತಿತ್ವದಲ್ಲಿರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಭೂಭಾಗದ ಕಡೆಗೆ ಮಾತ್ರ ಹೊಸ ವಾಸದ ಕಟ್ಟಡಕ್ಕೆ ಅವಕಾಶವಿರುತ್ತದೆ. ಒಂದೇ ಬೀದಿಯ ಎರಡು ಬದಿಗಳಿಗೆ ಬೇರೆ ಬೇರೆ ಉತ್ತರ ದೊರೆಯಲು ಇದೇ ಕಾರಣ.

4. ಒಟ್ಟು 300 ಚದರ ಮೀಟರ್‌ವರೆಗಿನ ಸ್ವಂತ ವಾಸದ ಮನೆಗೆ, ಪ್ರಾಧಿಕಾರದ ಶಿಫಾರಸಿಲ್ಲದೆಯೇ, ಸ್ಥಳೀಯ ಸಂಸ್ಥೆಯು ಅಧಿಸೂಚನೆಯ ನಿಯಮಗಳಂತೆ ಪರಿಶೀಲಿಸಿ ಅನುಮತಿ ನೀಡಬಹುದಾಗಿರುತ್ತದೆ.

5. ಕಾಂಡ್ಲಾ ಕಾಡುಗಳು ಅತ್ಯಂತ ಕಟ್ಟುನಿಟ್ಟಿನ ರಕ್ಷಣೆಯುಳ್ಳ ವಲಯ 1-ಎ ವ್ಯಾಪ್ತಿಗೆ ಬರುತ್ತವೆ.

ಅರ್ಜಿದಾರರ ಗಮನಕ್ಕೆ

ನಿವೇಶನ ಖರೀದಿಗೆ ಮುಂಗಡ ನೀಡುವ ಮುನ್ನವೇ ಸರ್ವೆ ನಕ್ಷೆ, ಪಹಣಿ ಹಾಗೂ ಅನುಮೋದಿತ ಕರಾವಳಿ ವಲಯ ನಿರ್ವಹಣಾ ನಕ್ಷೆಯನ್ನು ಹೋಲಿಸಿ ನೋಡುವುದು ಸೂಕ್ತ. ಹಿಂದೆ ಕಾರ್ಖಾನೆಯಿದ್ದ ಜಾಗವನ್ನು ವಸತಿಗೆ ಬಳಸುವುದಾದಲ್ಲಿ, ಮಹಾಯೋಜನೆಯಲ್ಲಿ ಆ ಜಾಗಕ್ಕೆ ನಿಗದಿಯಾಗಿರುವ ಉದ್ದೇಶವನ್ನು ನೋಡಿಕೊಂಡು, ಅಗತ್ಯವಿದ್ದಲ್ಲಿ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಅಧಿನಿಯಮ, 1961ರಂತೆ ಭೂಬಳಕೆ ಬದಲಾವಣೆಯ ಆದೇಶವನ್ನು ಪಡೆಯಬೇಕಾಗುತ್ತದೆ. ಹಳೆಯ ಮನೆಯ ದುರಸ್ತಿ ಅಥವಾ ಪುನರ್‌ನಿರ್ಮಾಣ ಬಯಸುವವರು ಕಟ್ಟಡವು ಅಧಿಕೃತವೆಂದು ತೋರಿಸುವ ಪರವಾನಗಿ, ತೆರಿಗೆ ರಶೀದಿ ಮುಂತಾದ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ತಲೆಮಾರುಗಳಿಂದ ದಡದಲ್ಲಿ ವಾಸಿಸುತ್ತಿರುವ ಕುಟುಂಬಗಳಿಗೆ ಅನೇಕ ವೇಳೆ ಇಂತಹ ಹಳೆಯ ಕಾಗದಗಳೇ ಆಧಾರವಾಗುತ್ತವೆ.

ಕ್ರಯಪತ್ರವು ನೋಂದಣಿಯಾದ ಮಾತ್ರಕ್ಕೆ ಕಟ್ಟಡ ಕಟ್ಟುವ ಹಕ್ಕು ದೊರೆತಂತಾಗುವುದಿಲ್ಲ. ನದಿಯ ಅಂಚು ಯಾವ ವಲಯದಲ್ಲಿದೆ ಎಂಬುದನ್ನು ಮೊದಲೇ ಲಿಖಿತವಾಗಿ ತಿಳಿದುಕೊಂಡಲ್ಲಿ ಅರ್ಜಿದಾರರ ಹಣವೂ ಸಮಯವೂ ಉಳಿಯುತ್ತದೆ. ದಡವನ್ನು ನಂಬಿ ಬಾಳುವವರ ಜೀವನೋಪಾಯಕ್ಕೂ ಧಕ್ಕೆಯಾಗುವುದಿಲ್ಲ.