ಕೆಂಪು ಮಣ್ಣಿನ ಬೀಗ, ತೊಗರಿಯ ಬೇರು

ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನಲ್ಲಿ 1972ರಲ್ಲಿ ನೆಲೆಯೂರಿದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಹೊಲಗಳಲ್ಲಿ ಮಸಾರಿ ಎಂಬ ಕೆಂಪು ಮಣ್ಣೂ ಇದೆ, ಎರೆ ಎಂಬ ಕಪ್ಪು ಮಣ್ಣೂ ಇದೆ. ಒಣಬೇಸಾಯದ ಸಂಶೋಧನೆಗೆ ಇದಕ್ಕಿಂತ ಅನುಕೂಲ ಬೇಕೆ?

ಮಸಾರಿ ಗ್ರಾನೈಟ್ ಬಂಡೆ ಸವೆದು ಆದ ಮಣ್ಣು. ಬೆರಳಲ್ಲಿ ಉಜ್ಜಿದರೆ ಮರಳು ತಾಗುತ್ತದೆ. ನೀರು ಹೆಚ್ಚು ದಿನ ನಿಲ್ಲದು. ಅದರ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಎರೆಯಲ್ಲಿ ಅರ್ಧದಷ್ಟು ಜೇಡಿ, ಜೊತೆಗೆ ಸುಣ್ಣದಂಶ. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಾಯಿಬಿಡುತ್ತದೆ.

ಬೆಳೆಗೆ ಬೇಕಾದ ರಂಜಕ ಎರಡರಲ್ಲೂ ಇದೆ, ಆದರೆ ಬೀಗ ಹಾಕಿಕೊಂಡು. ಎರೆಯಲ್ಲಿ ಅದು ಬಹುಪಾಲು ಸುಣ್ಣದೊಂದಿಗೆ ಸೇರಿಕೊಂಡಿದ್ದರೆ, ಮಸಾರಿಯಲ್ಲಿ ಕಬ್ಬಿಣಕ್ಕೆ ಅಂಟಿಕೊಂಡಿದೆ. ಈ ಎರಡನೆಯ ಬೀಗವೇ ಗಟ್ಟಿ. ರಂಜಕದ ಗೊಬ್ಬರ ಹಾಕದ ಮಸಾರಿಯಲ್ಲಿ ಜೋಳ ಸೊರಗಿದರೂ ತೊಗರಿ ಹೇಗೋ ಬೆಳೆಯುತ್ತದೆ. ಯಾಕೆ?

ಇಕ್ರಿಸ್ಯಾಟ್‌ನಲ್ಲಿ ಕೆಲಸ ಮಾಡಿದ ಜಪಾನಿ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು 1990ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ತೊಗರಿಯ ಬೇರು ಪಿಸಿಡಿಕ್ ಆಮ್ಲ ಎಂಬ ರಸವನ್ನು ಸ್ರವಿಸುತ್ತದೆ. ಅದು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ರಂಜಕ ಬಿಡುಗಡೆಯಾಗುತ್ತದೆ. ಬೇರು ಅದನ್ನು ಹೀರಿಕೊಳ್ಳುತ್ತದೆ. ಉದುರಿದ ಎಲೆ, ನೆಲದಲ್ಲೇ ಉಳಿದ ಬೇರು ಕೊಳೆತಾಗ ಅದರಲ್ಲೊಂದು ಪಾಲು ಮುಂದಿನ ಬೆಳೆಗೂ ಒದಗುತ್ತದೆ. ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವ ನಮ್ಮ ರೈತರ ರೂಢಿಯ ಹಿಂದೆ ಇಂಥದ್ದೊಂದು ಲಾಭವೂ ಇದೆ.

ಸುಲಭಕ್ಕೆ ಸಿಗದ ರಂಜಕವನ್ನು ದಕ್ಕಿಸಿಕೊಳ್ಳುವ ಉಪಾಯ ತೊಗರಿಯೊಂದರದ್ದೇ ಅಲ್ಲ. ಹಿಮಾಲಯದ ಪೈನ್ ಕಾಡಿನಲ್ಲೂ ಸಾರವಿಲ್ಲದ ಇಳಿಜಾರು ನೆಲದ ಮೇಲೆ ಎತ್ತರದ ಮರಗಳು ನಿಂತಿವೆ. ಅಲ್ಲಿ ಉದುರಿದ ಸೂಜಿ ಎಲೆ ಕೊಳೆಯುವುದೇ ನಿಧಾನ. ಬೇರಿನ ತುದಿಗೆ ಸುತ್ತಿಕೊಂಡ ಶಿಲೀಂಧ್ರದ ಎಳೆಗಳು ದೂರದ ಮಣ್ಣಿನಿಂದ ರಂಜಕ, ಸಾರಜನಕ ತಂದುಕೊಟ್ಟು, ಬದಲಿಗೆ ಮರದಿಂದ ಸಕ್ಕರೆ ಪಡೆಯುತ್ತವೆ. ಪೈನ್ ಇಲ್ಲದ ಕೆಲವು ದೇಶಗಳಲ್ಲಿ ಸಸಿ ನೆಟ್ಟಾಗ ಅವು ಏಳಲೇ ಇಲ್ಲ. ಹಳೆಯ ಪೈನ್ ತೋಪಿನ ಮಣ್ಣು ಬೆರೆಸಿದ ಮೇಲಷ್ಟೇ ಚಿಗುರಿದವು.

ಹಾಗೆಂದು ತೊಗರಿ ಹೊಸದಾಗಿ ರಂಜಕ ಸೃಷ್ಟಿಸುವುದಿಲ್ಲ, ಇದ್ದದ್ದನ್ನೇ ತೆಗೆಯುತ್ತದೆ. ಕಾಳು ಮಾರುಕಟ್ಟೆಗೆ ಹೋದಂತೆ ದಾಸ್ತಾನೂ ಕರಗುತ್ತದೆ. ಗೊಬ್ಬರದ ಮೂಲಕ ನೆಲಕ್ಕೆ ಮರಳಿಸಲೇಬೇಕು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಂಜಕ ಕಡಿಮೆ ಎಂದಿದ್ದರೆ, ಪ್ರಯೋಗಾಲಯದ ದ್ರಾವಣಕ್ಕೆ ಸಿಕ್ಕಿದ್ದು ಕಡಿಮೆ ಎಂದರ್ಥ. ಬೇರಿಗೆ ಸಿಗುವ ಲೆಕ್ಕ ಬೆಳೆಯಿಂದ ಬೆಳೆಗೆ ಬೇರೆ. ಎಷ್ಟು ಗೊಬ್ಬರ ಹಾಕಬೇಕೆಂದು ಕೇಳುವ ರೈತ ಮೊದಲು ಯಾವ ಬೆಳೆ ಇಡುತ್ತೇನೆಂಬುದನ್ನೂ ಹೇಳಬೇಕಾಗುತ್ತದೆ.