ದೇವರಿಗೆ ಮಹಿಮೆ, ಮನುಷ್ಯನಿಗೆ ಮಾನ

ಬೀದರ್ ಜಿಲ್ಲೆಯ ಕ್ರೈಸ್ತ ಸಭೆಗಳಲ್ಲಿ 'ದೇವರಿಗೆ ಮಹಿಮೆಯಾಗಲಿ' ಎಂಬುದು ಬಾಯಿಪಾಠವಾಗಿಬಿಟ್ಟ ಮಾತು. ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳುವವರು, ಅಂದರೆ ತಮ್ಮ ಬದುಕಿನಲ್ಲಿ ದೇವರು ಮಾಡಿದ ಉಪಕಾರವನ್ನು ಎಲ್ಲರೆದುರು ಅರಿಕೆ ಮಾಡಿಕೊಳ್ಳುವವರು, ಇದೇ ಮಾತಿನಿಂದ ತೊಡಗಿ ಇದರಿಂದಲೇ ಮುಗಿಸುತ್ತಾರೆ; ಆದರೆ ಆದಿಗೂ ಅಂತ್ಯಕ್ಕೂ ನಡುವೆ ಎಷ್ಟೋ ಸಲ ಹೇಳುವವರ ಉಪವಾಸ, ದಾನ, ಓಡಾಟಗಳೇ ತುಂಬಿಕೊಂಡು, ದೇವರು ಕೇವಲ ನೆಪವಾಗಿ ಉಳಿಯುವುದೂ ಉಂಟು. ಈ ಜಾರುವಿಕೆಯನ್ನು ಕ್ರೈಸ್ತ ಚಿಂತನೆ ಮೊದಲಿನಿಂದಲೂ ಸಣ್ಣ ದೋಷವೆಂದು ಎಣಿಸಿಲ್ಲ. ಅಲ್ಲಿ ಮಹಿಮೆ ಎಂದರೆ ದೇವರ ಪರಿಶುದ್ಧತೆ, ಶಕ್ತಿ ಮತ್ತು ಪ್ರೀತಿಗಳು ಲೋಕಕ್ಕೆ ಗೋಚರವಾಗುವ ಬಗೆ. ದೇವರನ್ನು ಮಹಿಮೆಪಡಿಸುವವನು ಅವನಿಗೆ ಇಲ್ಲದ್ದನ್ನು ಕೂಡಿಸುವುದಿಲ್ಲ, ಇರುವುದನ್ನು ಒಪ್ಪಿ ತನ್ನ ನಡೆಯಲ್ಲಿ ತೋರಿಸುತ್ತಾನೆ. 1647ರಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ಕಿರು ಪ್ರಶ್ನೋತ್ತರವು ಮನುಷ್ಯಜನ್ಮದ ಮುಖ್ಯ ಉದ್ದೇಶವೇನೆಂಬ ಪ್ರಶ್ನೆಯಿಂದಲೇ ಆರಂಭವಾಗಿ, ಈ ಮಹಿಮೆಯನ್ನೂ ದೇವರಲ್ಲಿ ಕಾಣುವ ಆನಂದವನ್ನೂ ಒಟ್ಟಿಗೆ ಉತ್ತರವಾಗಿ ಇಡುತ್ತದೆ.

ಹಾಗಾದರೆ ಒಳ್ಳೆಯ ಕೆಲಸವನ್ನು ಮುಚ್ಚಿಡಬೇಕೆ, ತೋರಿಸಬೇಕೆ? ಮತ್ತಾಯನ ಸುವಾರ್ತೆಯ ಪರ್ವತ ಪ್ರಸಂಗದಲ್ಲಿ ಯೇಸು ಎರಡನ್ನೂ ಹೇಳುತ್ತಾನೆ. ಐದನೆಯ ಅಧ್ಯಾಯದಲ್ಲಿ ಶಿಷ್ಯರ ಬೆಳಕು ಜನರ ಮುಂದೆ ಪ್ರಕಾಶಿಸಲಿ ಎನ್ನುವವನು, ಆರನೆಯದರಲ್ಲಿ ಜನರು ನೋಡಲೆಂದು ಧರ್ಮಕಾರ್ಯ ಮಾಡಬೇಡಿರಿ, ದಾನವನ್ನು ಗುಟ್ಟಾಗಿ ಕೊಡಿರಿ ಎಂದು ಎಚ್ಚರಿಸುತ್ತಾನೆ. ಮೇಲುನೋಟಕ್ಕೆ ಇವು ಒಂದಕ್ಕೊಂದು ಎದುರಾಗಿ ಕಂಡರೂ, ಮೊದಲ ಮಾತಿನ ಕೊನೆಯಲ್ಲಿ, ನೋಡಿದವರು ಪರಲೋಕದ ತಂದೆಯನ್ನು ಕೊಂಡಾಡಬೇಕೆಂಬ ಉದ್ದೇಶವನ್ನು ಹೇಳಿರುವುದರಿಂದ ಗಂಟು ಬಿಚ್ಚಿಕೊಳ್ಳುತ್ತದೆ: ಕೆಲಸ ಕಣ್ಣಿಗೆ ಬೀಳುವುದು ತಪ್ಪಲ್ಲ, ಹೊಗಳಿಕೆ ನಡುದಾರಿಯಲ್ಲೇ ನಿಂತುಬಿಡುವುದು ತಪ್ಪು. ಅಪೊಸ್ತಲರ ಕೃತ್ಯಗಳಲ್ಲಿ ಬರುವ ಹೆರೋದ ರಾಜನು, ಇದು ಮನುಷ್ಯನ ಸ್ವರವಲ್ಲ, ದೇವರ ಸ್ವರವೆಂದು ಜನ ಕೂಗಿದಾಗ ಆ ಹೊಗಳಿಕೆಯನ್ನು ಮುಂದಕ್ಕೆ ದಾಟಿಸದೆ ತನ್ನಲ್ಲೇ ಇಟ್ಟುಕೊಂಡ. ಅವನ ಸಾವಿಗೆ ಆ ಗ್ರಂಥ ಕೊಡುವ ಕಾರಣ ಅದೊಂದೇ.

ಬಸವಕಲ್ಯಾಣವಿರುವ ಜಿಲ್ಲೆಯ ಓದುಗರಿಗೆ ಈ ವಿಚಾರ ಹೊರಗಿನದೆಂದು ತೋರಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರು ವಚನದ ತುದಿಯಲ್ಲಿ ತಮ್ಮ ಹೆಸರಿಡದೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರು. ವೀರಶೈವ ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರವು ಭಕ್ತನು ತಾನು ಸೇವಕನೆಂಬ ಭಾವದಿಂದ ನಡೆದುಕೊಳ್ಳಬೇಕೆಂದು ವಿಧಿಸುತ್ತದೆ. ಆದರೆ ಕಾಲ ಕಳೆದಂತೆ ಕೂಡಲಸಂಗಮದೇವ ಎಂದೊಡನೆ ಬಸವಣ್ಣನೂ ಗುಹೇಶ್ವರ ಎಂದೊಡನೆ ಅಲ್ಲಮನೂ ನೆನಪಾಗುವಂತಾಯಿತು. ಇದರಲ್ಲಿ ಶರಣರ ತಪ್ಪೇನಿಲ್ಲ. ತನ್ನನ್ನು ಹಿಂದಿಟ್ಟುಕೊಂಡವನ ಗುರುತನ್ನು ಲೋಕ ಹೇಗೂ ಹುಡುಕಿ ತೆಗೆಯುತ್ತದೆ. ನಿಜವಾದ ತೊಡಕು ಹುಟ್ಟುವುದು ವಿನಯವೇ ಒಂದು ಬಿರುದಾದಾಗ, ತಾನು ಎಷ್ಟು ತಗ್ಗಿದವನೆಂಬುದನ್ನು ಜನ ಗಮನಿಸಲಿ ಎಂದು ಮನಸ್ಸು ಕಾಯತೊಡಗಿದಾಗ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಬೀದರ್ ಇನ್ನೂ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಕಾಲದಲ್ಲಿ, ಅಮೆರಿಕದ ಮೆಥಡಿಸ್ಟ್ ಮಿಷನ್ ಇಲ್ಲಿ ಕೆಲಸ ಆರಂಭಿಸಿತು. ಅದರ ಸಭೆಗಳಿಗೆ ಸೇರಿದವರಲ್ಲಿ ಬಹುಪಾಲು ಜನರು ಊರ ಹೊರಗಿನ ಕೇರಿಗಳವರು, ತಲೆಮಾರುಗಳಿಂದ ಮಾನ ಎಂಬುದನ್ನು ಯಾರೂ ಕೊಡದೆ ಬದುಕಿದವರು. ಇಂಥವರ ಮುಂದೆ 'ನಿನ್ನ ಮಹಿಮೆಯನ್ನು ಹುಡುಕಬೇಡ' ಎಂದು ಬೋಧಿಸುವುದು ಎಚ್ಚರ ಬೇಡುವ ಕೆಲಸ. ತುಂಬಿದ ಹೊಟ್ಟೆಯವನು ಹಸಿದವನಿಗೆ ಉಪವಾಸದ ಹಿರಿಮೆ ಹೇಳಿದಂತೆ ಅದು ಕೇಳಿಸುವ ಸಾಧ್ಯತೆಯಿದೆ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಪೌಲನು ವರ್ಣಿಸುವ ಕ್ರಿಸ್ತನು ದೇವರ ಸ್ವರೂಪದಲ್ಲಿದ್ದೂ ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪ ತಾಳಿದವನು. ಇಳಿದುಬರಬೇಕಾದರೆ ಮೊದಲು ಎತ್ತರದಲ್ಲಿರಬೇಕು. ಆದ್ದರಿಂದ ಆ ಉಪದೇಶದ ಮೊದಲ ಭಾರ ಬೀಳಬೇಕಾದದ್ದು ಪೀಠ, ಪದವಿ, ಹಣ ಇರುವವರ ಮೇಲೆ. ದಮನಕ್ಕೊಳಗಾದವನು ತಲೆಯೆತ್ತಿ ನಿಲ್ಲುವುದು ದೇವರ ಮಹಿಮೆಗೆ ಪೈಪೋಟಿಯಲ್ಲ. ಎರಡನೆಯ ಶತಮಾನದ ಲಿಯೋನ್ ನಗರದ ಬಿಷಪ್ ಐರೇನಿಯಸನ ಚಿಂತನೆಯ ಪ್ರಕಾರ, ಮನುಷ್ಯನು ಜೀವಕಳೆಯಿಂದ ಬದುಕುವುದರಲ್ಲೇ ದೇವರ ಮಹಿಮೆ ತೋರುತ್ತದೆ.

ಪರೀಕ್ಷೆ ನಡೆಯುವುದು ಸಣ್ಣ ಸಂಗತಿಗಳಲ್ಲಿ. ರಾಜ್ಯದ ಹಲವು ಸಭೆಗಳಲ್ಲಿ ಸುಗ್ಗಿಯ ಕೃತಜ್ಞತಾ ಆರಾಧನೆಗೆ ಜನರು ತಂದ ಧಾನ್ಯ, ಹಣ್ಣು, ಕೋಳಿಗಳನ್ನು ಹರಾಜು ಹಾಕುವ ರೂಢಿಯಿದ್ದು, ಒಂದು ತೆಂಗಿನಕಾಯಿಯ ಬೆಲೆ ಏರುತ್ತ ಹೋಗುವುದಕ್ಕೆ ಭಕ್ತಿಯಷ್ಟೇ ಕೂಗುವವರ ಪ್ರತಿಷ್ಠೆಯೂ ಕಾರಣವಾಗುತ್ತದೆ. ಕಟ್ಟಡದ ಶಿಲಾಫಲಕದಲ್ಲಿ ಯಾರ ಹೆಸರು ಮೊದಲು ಬರಬೇಕು, ಕ್ರಿಸ್‌ಮಸ್ ಫ್ಲೆಕ್ಸ್‌ನಲ್ಲಿ ಯಾರ ಭಾವಚಿತ್ರ ದೊಡ್ಡದಿರಬೇಕು ಎಂಬುದಕ್ಕೂ ಮುನಿಸು ಹುಟ್ಟುವುದುಂಟು. ಹಣ ಸಭೆಗೇ ಸೇರುವುದರಿಂದ ಹರಾಜನ್ನು ಪೂರ್ತಿ ಹಳಿಯುವುದು ಕಷ್ಟ. ಫ್ಲೆಕ್ಸಿನ ಪರವಾಗಿ ಅಷ್ಟನ್ನೂ ಹೇಳಲಾಗದು.

ಮೆಥಡಿಸ್ಟ್ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ (1703–1791) ಈ ರೋಗಕ್ಕೆ ಉಪದೇಶಕ್ಕಿಂತ ಪದ್ಧತಿಯೇ ಮದ್ದೆಂದು ಬಗೆದಂತಿದೆ. ತನ್ನ ಶವಯಾತ್ರೆಯಲ್ಲಿ ಆಡಂಬರ ಇರಕೂಡದು, ಆರು ಮಂದಿ ಬಡವರು ಹೆಗಲುಕೊಡಬೇಕು, ಅವರಿಗೆ ತಲಾ ಒಂದು ಪೌಂಡ್ ಕೊಡಬೇಕು ಎಂದು ಆತ ಮರಣಶಾಸನದಲ್ಲಿ ಬರೆದಿಟ್ಟಿದ್ದ. 1755ರಲ್ಲಿ ಆತ ಲಂಡನ್ನಿನಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆಯನ್ನು ಮೆಥಡಿಸ್ಟರು ಈಗ ಸಾಮಾನ್ಯವಾಗಿ ಹೊಸ ವರ್ಷದ ಆರಂಭದಲ್ಲಿ ನಡೆಸುತ್ತಾರೆ. ಆಗ ವಿಶ್ವಾಸಿಗಳು ದೇವರು ತಮ್ಮನ್ನು ಕೆಲಸಕ್ಕೆ ಹಚ್ಚಿದರೂ ಸರಿ, ಬದಿಗೆ ಸರಿಸಿದರೂ ಸರಿ ಎಂಬ ಅರ್ಥದ ಒಪ್ಪಿಗೆಯನ್ನು ಕೊಡುತ್ತಾರೆ. ಎರಡರಲ್ಲಿ ಹಿಂದಿನದು ಸುಲಭ, ಏಕೆಂದರೆ ದುಡಿಮೆಗೆ ಒಂದಿಲ್ಲೊಂದು ದಿನ ಹೊಗಳಿಕೆ ಸಿಕ್ಕೇ ಸಿಗುತ್ತದೆ. ಬದಿಗೆ ಸರಿದವನನ್ನು ಯಾರೂ ಕೇಳುವುದಿಲ್ಲ.

ಬಹುಶಃ ಇದೇ ಕಾರಣಕ್ಕೆ ಆ ಸಭೆಯ ವರ್ಗಾವಣೆಯ ಕ್ರಮ ಗಮನಾರ್ಹವಾಗುತ್ತದೆ. ಮೆಥಡಿಸ್ಟ್ ಸಭಾಪಾಲಕರನ್ನು ಬಿಷಪ್ಪರು ನೇಮಿಸುತ್ತಾರೆ, ಕೆಲವು ವರ್ಷಗಳಾದ ಮೇಲೆ ಬೇರೆಡೆಗೆ ಕಳಿಸುತ್ತಾರೆ. ಚಂದಾ ಎತ್ತಿ ಗೋಡೆ ಏಳಿಸಿದ ಅಯ್ಯನವರು ಛಾವಣಿ ಮುಗಿಯುವ ಮೊದಲೇ ಇನ್ನೊಂದು ತಾಲ್ಲೂಕಿಗೆ ಹೋಗಬೇಕಾಗಬಹುದು; ಪ್ರತಿಷ್ಠೆಯ ದಿನ ವೇದಿಕೆಯ ಮೇಲೆ ಕೂರುವವರು ಆಮೇಲೆ ಬಂದವರು. ತಾನು ನೆಟ್ಟೆ, ಅಪೊಲ್ಲೋಸನು ನೀರು ಹೊಯ್ದ, ಬೆಳೆಸಿದವನು ದೇವರು ಎಂದು ಪೌಲನು ಕೊರಿಂಥದವರಿಗೆ ಬರೆದದ್ದು, ಯಾರು ಯಾರ ಶಿಷ್ಯರೆಂದು ಪಂಗಡ ಕಟ್ಟಿಕೊಂಡು ಜಗಳಕ್ಕೆ ನಿಂತಿದ್ದ ಒಂದು ಸಭೆಗೆ. ಹಳೆಯ ಅಯ್ಯನವರ ಕಡೆಯವರು, ಹೊಸ ಅಯ್ಯನವರ ಕಡೆಯವರು ಎಂಬ ಗುಂಪುಗಾರಿಕೆಯನ್ನು ಕಂಡಿರುವ ಊರುಗಳಲ್ಲಿ ಆ ಪತ್ರಕ್ಕೆ ವ್ಯಾಖ್ಯಾನಕಾರರ ಅಗತ್ಯ ಬೀಳುವುದಿಲ್ಲ.