ಎರಡು ಒಳಮೈಯ ಪಾಕೀಟು

ಎರಡು ದಪ್ಪನೆಯ ಲಗ್ನಪತ್ರಿಕೆ, ಹುಡುಗಿಯರು ಜಡೆಗೆ ಕಟ್ಟುವ ಕೆಂಪು ರಿಬ್ಬನ್ನಿನ ನಾಲ್ಕು ತುಂಡು, ಒಂದಿಷ್ಟು ಫೆವಿಕಾಲ್. ಇಷ್ಟಿದ್ದರೆ ಜಾದೂ ಪಾಕೀಟಿನ ಮೂಲಪುರುಷನನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಪತ್ರಿಕೆಗಳನ್ನು ನೋಟಿಗಿಂತ ಒಂದು ಬೆರಳಷ್ಟು ದೊಡ್ಡದಾಗಿ ಕತ್ತರಿಸಿ, ತೆರೆದ ಪುಸ್ತಕದಂತೆ ಅಕ್ಕಪಕ್ಕ ಇಡಬೇಕು. ಎಡಗಡೆಯ ರಟ್ಟಿನ ಮೇಲೆ ಎರಡು ಪಟ್ಟಿ ನೇರವಾಗಿ, ಬಲಗಡೆಯದರ ಮೇಲೆ ಎರಡು ಪಟ್ಟಿ ಕತ್ತರಿಯಾಕಾರದಲ್ಲಿ. ಪ್ರತಿ ಪಟ್ಟಿಯ ಒಂದು ತುದಿ ತನ್ನ ರಟ್ಟಿನ ಹೊರ ಅಂಚನ್ನು ಬಳಸಿ ಅದರದೇ ಬೆನ್ನಿಗೆ ಅಂಟಬೇಕು. ಇನ್ನೊಂದು ತುದಿ ನಡುವಿನ ಸಂದಿಯಲ್ಲಿ ನುಸುಳಿ ಪಕ್ಕದ ರಟ್ಟಿನ ಬೆನ್ನಿಗೆ ಹೋಗಬೇಕು. ಅಂಟು ಒಣಗಿದ ಮೇಲೆ ನೇರ ಪಟ್ಟಿಗಳ ಕೆಳಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ. ಈಗ ತೆರೆದ ಕಡೆಯಿಂದಲ್ಲ, ಬೆನ್ನಿನ ಕಡೆಯಿಂದ ತೆರೆಯಿರಿ. ಮಡಿಕೆ ಇದ್ದ ಜಾಗವೇ ಬಾಯಿ ಬಿಡುತ್ತದೆ, ಬಾಯಿ ಇದ್ದ ಜಾಗ ಮಡಿಕೆಯಾಗುತ್ತದೆ. ನೋಟು ಕತ್ತರಿ ಪಟ್ಟಿಗಳ ಕೆಳಗೆ ಸಿಕ್ಕಿಬಿದ್ದಿರುತ್ತದೆ.

ಕೈಯಲ್ಲಿ ಹಿಡಿದು ಮಾಡಿದವರಿಗೂ ಅದು ಹೇಗಾಯಿತೆಂದು ಹೇಳಲು ಒಂದು ಕ್ಷಣ ಬೇಕು. ಪಟ್ಟಿಗಳು ಎರಡೂ ರಟ್ಟಿಗೆ ಸೇರಿವೆ, ಆದ್ದರಿಂದ ಯಾವ ರಟ್ಟಿಗೂ ಖಾಯಂ ಆಗಿ ಸೇರಿಲ್ಲ. ಹೊರಗಿನಿಂದ ನೋಡಿದರೆ ಒಂದೇ ಪಾಕೀಟು, ಆದರೆ ಒಳಮೈ ಎರಡು. ಮುಂದೆ ಚರ್ಮದಲ್ಲಿ, ಜಿಪ್ಪಿನಲ್ಲಿ, ಬಟನ್ನಿನಲ್ಲಿ ಬಂದ ಹಲವು ಜಾದೂ ಪಾಕೀಟುಗಳು ಈ ಒಂದು ವಿಚಾರದ ಮೇಲೆ ನಿಂತಿವೆ.

ಇದನ್ನು ಮೊದಲು ಕಂಡುಕೊಂಡವನ ಹೆಸರು ಇತಿಹಾಸದಲ್ಲಿ ಉಳಿದಿಲ್ಲ. ಇಟಲಿಯ ಬೆರ್ನಾರ್ದಿನೊ ಲುಯೀನಿ 1532ರಲ್ಲಿ ತೀರಿಕೊಂಡ ಚಿತ್ರಕಾರ, ಲಿಯೊನಾರ್ದೊನ ದಾರಿಯಲ್ಲಿ ನಡೆದವನು. ಅವನ ಒಂದು ಚಿತ್ರದಲ್ಲಿ ಗುಂಗುರು ಕೂದಲಿನ ಮಗು ಪಟ್ಟಿಗಳಿಂದ ಜೋಡಿಸಿದ ಎರಡು ಹಲಗೆ ಹಿಡಿದುಕೊಂಡು ನಮ್ಮ ಕಡೆ ನೋಡುತ್ತಿದೆ. ಅಂದರೆ ಐನೂರು ವರ್ಷಗಳ ಹಿಂದೆಯೇ ಅದು ಮಕ್ಕಳ ಆಟಿಕೆ. ಜಪಾನಿನಲ್ಲಿ ಎದೋ ಕಾಲದ ಮಕ್ಕಳು ಇದೇ ಕೀಲಿನ ಹಲಗೆ ಸರವನ್ನು ಪಟಪಟ ಉರುಳಿಸಿ ಆಡುತ್ತಿದ್ದರು. ಆ ಆಟಿಕೆಯ ಹೆಸರೇ ಅಲ್ಲಿ ‘ಪತಪತ’. 1889ರಲ್ಲಿ ಅಮೆರಿಕದ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ಅದನ್ನು ‘ಜೇಕಬ್ಸ್ ಲ್ಯಾಡರ್’ ಎಂಬ ಹೆಸರಿನಲ್ಲಿ ಚಿತ್ರಸಮೇತ ವಿವರಿಸಿತು. ಈಜಿಪ್ತಿನ ತೂತಂಖಾಮನ್ ಗೋರಿಯಲ್ಲೇ ಸಿಕ್ಕಿತ್ತೆಂದು ಆಟಿಕೆ ಮಾರುವವರು ಹೇಳುವುದುಂಟು. ಹಳೇ ಸಾಮಾನು ಎಂದರೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ, ಅಷ್ಟೇ.

ಆಟಿಕೆ ದೊಡ್ಡವರ ಕಿಸೆಗೆ ಬರಲು ಒಂದು ತೊಡಕಿತ್ತು. ರಿಬ್ಬನ್ನು ಎದ್ದು ಕಾಣುತ್ತದೆ. ಕತ್ತರಿ ಪಟ್ಟಿ ಇರುವ ಪಾಕೀಟನ್ನು ಯಾರೂ ನಿಜವಾದ ಪಾಕೀಟೆಂದು ನಂಬುವುದಿಲ್ಲ. ‘ಇದೇನೋ ಆಟದ ಸಾಮಾನು’ ಎಂದು ನೋಡುವವರ ಮನಸ್ಸಿಗೆ ಬಂದ ಕೂಡಲೇ ಐಟಂ ಸತ್ತಂತೆ. ಆ ತೊಡಕನ್ನು ದಾಟಿದ ಪಾಕೀಟಿಗೆ ಇವತ್ತಿಗೂ ರಿಚರ್ಡ್ ಹಿಂಬರ್ ಹೆಸರೇ ಇದೆ. ಹಿಂಬರ್ ವೃತ್ತಿಯಿಂದ ಜಾದೂಗಾರನಲ್ಲ. ಪಿಟೀಲು ಕಲಿತು, 1930ರ ದಶಕದಲ್ಲಿ ನ್ಯೂಯಾರ್ಕಿನ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ ವಾದ್ಯವೃಂದ ನಡೆಸಿ, ರೇಡಿಯೊದಲ್ಲಿ ಹೆಸರು ಮಾಡಿದವನು. ಜನರನ್ನು ಗೋಳುಹೊಯ್ದುಕೊಳ್ಳುವ ಚಟ ಬೇರೆ. ಜಾದೂ ಅವನ ಹುಚ್ಚು, ಜಾದೂಗಾರರಿಗೆ ದುಬಾರಿ ಬೆಲೆಗೆ ಹೊಸ ಸಾಮಾನು ಮಾರುವುದು ಅವನ ಉಪಕಸುಬು. 1966ರಲ್ಲಿ ತೀರಿಕೊಂಡ.

ಅವನ ಹೆಸರಿನ ಪಾಕೀಟಿನಲ್ಲಿ ಎರಡರ ಬದಲು ಮೂರು ಎಲೆ, ಇಂಗ್ಲಿಷಿನ ಜೆಡ್ ಅಕ್ಷರದಂತೆ ಮಡಿಕೆ. ಮೊದಲ ಎರಡು ಎಲೆ ತೆರೆದಾಗ ಮೂರನೆಯದು ಬೆನ್ನಿಗೆ ಅಂಟಿಕೊಂಡು ಅಡಗಿರುತ್ತದೆ. ಮುಚ್ಚಿ, ಮಗುಚಿ, ತೆರೆದರೆ ಕೊನೆಯ ಎರಡು ಎಲೆ ಕಾಣುತ್ತವೆ, ಮೊದಲನೆಯದು ಅಡಗುತ್ತದೆ. ಚರ್ಮ ಅದೇ, ಹೊಲಿಗೆ ಅದೇ, ಅಳತೆ ಅದೇ. ಪ್ರೇಕ್ಷಕರಿಗೆ ಒಂದೇ ಪಾಕೀಟು ಎರಡು ಸಲ ತೆರೆದಂತೆ ಕಾಣುತ್ತದೆ. ಬಿಳಿ ಕಾಗದ ಇಟ್ಟು ಮುಚ್ಚಿದರೆ ನೋಟಾಗುತ್ತದೆ, ಹರಿದ ಚೀಟಿ ಇಟ್ಟರೆ ಕೂಡಿಕೊಳ್ಳುತ್ತದೆ. ಇದರ ಪ್ರಾಣ ಇರುವುದು ಆ ಮಗುಚುವ ಅರೆಕ್ಷಣದಲ್ಲಿ. ಪಾಕೀಟನ್ನು ಎಡಗೈಯಿಂದ ಬಲಗೈಗೆ ಕೊಡುವಾಗಲೋ ಯಾರದೋ ಅಂಗೈ ಮೇಲೆ ಇಡುವಾಗಲೋ ಮಣಿಕಟ್ಟು ತಾನಾಗಿ ತಿರುಗಬೇಕು. ತಿರುಗಿಸಿದಂತೆ ಕಾಣಬಾರದು.

ಇನ್ನೊಂದು ಕವಲು ಇಸ್ಪೀಟಿನಿಂದ ಬಂತು. ಪ್ರೇಕ್ಷಕ ಸಹಿ ಹಾಕಿದ ಎಲೆ ಕಟ್ಟಿನಿಂದ ಮಾಯವಾಗಿ ಜಾದೂಗಾರನ ಪಾಕೀಟಿನಲ್ಲಿ ಸಿಗಬೇಕು. ಇದಕ್ಕೆ ಒಳಮೈ ಎರಡಿದ್ದರೆ ಸಾಲದು, ಒಳಕ್ಕೆ ಹೋಗುವ ಕಳ್ಳದಾರಿ ಬೇಕು. 1949ರಲ್ಲಿ ಇಸ್ಪೀಟಿನ ಕೈಚಳಕದ ಮೇಲೆ ದೊಡ್ಡ ಪುಸ್ತಕ ಬರೆದ ಪಾಲ್ ಲಪಾಲ್ ಹೆಸರಿನ ಪಾಕೀಟಿನಲ್ಲಿ ಆ ಎಲೆ ಅಂಟಿಸಿದ ಲಕೋಟೆಯ ಒಳಗೇ ಸಿಗುತ್ತದೆ. ಆಮೇಲೆ ಅಮೆರಿಕದ ಎಡ್ ಬಲ್ಡೂಚಿ, ಹಾಲೆಂಡಿನ ಫ್ರೆಡ್ ಕಾಪ್ಸ್ ಇವರ ಹೆಸರಿನ ಪಾಕೀಟು ಬಂತು. ಕಾಪ್ಸ್ 1950, 1955, 1961ರಲ್ಲಿ ಮೂರು ಸಲ ವಿಶ್ವ ಜಾದೂ ಸ್ಪರ್ಧೆಯ ಗ್ರ್ಯಾಂಡ್ ಪ್ರಿ ಗೆದ್ದವನು. 1964ರ ಫೆಬ್ರುವರಿ 9ರಂದು ಎಡ್ ಸಲಿವನ್ ಶೋನಲ್ಲಿ ಬೀಟಲ್ಸ್ ಹುಡುಗರು ಅಮೆರಿಕಕ್ಕೆ ಮೊದಲ ಸಲ ಹಾಡಿ ತೋರಿಸಿದ ರಾತ್ರಿ, ಅವರ ಬೆನ್ನಿಗೇ ಟಿವಿಯಲ್ಲಿ ಕಾಣಿಸಿಕೊಂಡ ಪುಣ್ಯಾತ್ಮನೂ ಇವನೇ. ಏಳು ಕೋಟಿಗೂ ಹೆಚ್ಚು ಜನ ನೋಡಿದರು. ಅವರಲ್ಲಿ ಎಷ್ಟು ಜನರಿಗೆ ಆಮೇಲೆ ಜಾದೂ ನೆನಪಿತ್ತೋ ದೇವರೇ ಬಲ್ಲ.

ಕಾಪ್ಸ್ ಪಾಕೀಟಿನ ಗುಟ್ಟನ್ನು ಪೂರ್ತಿ ಬಿಚ್ಚುವುದು ಕಸುಬಿನವರಿಗೆ ಮಾಡುವ ದ್ರೋಹ. ಇಷ್ಟು ಹೇಳಬಹುದು. ಜಾದೂಗಾರ ಪಾಕೀಟನ್ನು ಹೊರತೆಗೆಯಲು ಕೋಟಿನ ಒಳಗಿಸೆಗೆ ಕೈ ಹಾಕುತ್ತಾನಲ್ಲ, ಆಗಲೇ ಕೆಲಸ ಮುಗಿದಿರುತ್ತದೆ. ಅಂದರೆ ಆ ಪಾಕೀಟು ತಾನೊಂದೇ ಏನೂ ಮಾಡದು. ಪಾಕೀಟು, ಕೋಟು, ಎದೆಯ ಒಳಗಿಸೆ ಈ ಮೂರೂ ಸೇರಿ ಒಂದು ಯಂತ್ರ. ಕಂಡುಹಿಡಿದವರಿಗೆ ಕೋಟು ಮೈಮೇಲಿನ ಚರ್ಮದಷ್ಟು ಸಹಜ, ಹಾಗಾಗಿ ಅದನ್ನು ಯಂತ್ರದ ಭಾಗವೆಂದು ಅವರು ಲೆಕ್ಕಕ್ಕೇ ಹಿಡಿದಿಲ್ಲ.

ಮೂರನೆಯ ಕವಲು ಚೀಟಿ ಓದುವುದು. ಪ್ರೇಕ್ಷಕ ಏನೋ ಬರೆದು, ಮಡಚಿ, ಪಾಕೀಟಿನಲ್ಲಿ ಇಡುತ್ತಾನೆ. ಜಾದೂಗಾರ ಪಾಕೀಟು ಮುಚ್ಚುವ ನೆಪದಲ್ಲಿ ಅದರ ಗುಪ್ತ ಕಿಂಡಿಯಲ್ಲಿ ಒಂದು ನೋಟ ನೋಡಿರುತ್ತಾನೆ. ಇದರ ಹಿಂದೆ ಇರುವುದು ಸತ್ತವರ ಜೊತೆ ಮಾತಾಡುತ್ತೇವೆಂದು ಬೈಠಕ್ ನಡೆಸುತ್ತಿದ್ದ ಪಶ್ಚಿಮದ ಮೀಡಿಯಮ್ಮುಗಳ ಹಳೆಯ ಕಸರತ್ತು. 1934ರಿಂದ ‘ಜಿಂಕ್ಸ್’ ಎಂಬ ಪತ್ರಿಕೆ ನಡೆಸಿದ ಥಿಯೊಡೊರ್ ಅನೆಮನ್‌ನಂಥವರು ಆ ಕಸರತ್ತನ್ನು ರಂಗಕ್ಕೆ ಬೇಕಾದಂತೆ ಒಪ್ಪಗೊಳಿಸಿ ಜಾದೂಗಾರರ ಕೈಗೆ ಕೊಟ್ಟರು.

ಈ ಮೂರು ಕವಲನ್ನೂ ಒಂದೇ ಚರ್ಮದಲ್ಲಿ ಹೊಲಿದು, ಬೇಕಿದ್ದರೆ ತೆರೆದ ಕೂಡಲೇ ಭಗ್ಗನೆ ಉರಿಯುವ ಬೆಂಕಿಯನ್ನೂ ಸೇರಿಸಿ ಮಾರುವುದೇ ಇವತ್ತಿನ ‘ಮಲ್ಟಿ ಪರ್ಪಸ್’ ಪಾಕೀಟು. ಕಲಬುರಗಿ ಸುತ್ತಿನ ಆಳಂದ, ಅಫಜಲಪುರ, ಜೇವರ್ಗಿ ಕಡೆ ಶಾಲೆ, ಜಾತ್ರೆ, ಗಣಪತಿ ಪೆಂಡಾಲು ಎಂದು ತಿರುಗುವ ನಮ್ಮಂಥ ಜಾದೂಗಾರರ ಕೈಗೆ ಅದು ಬಂದಾಗ ಪರೀಕ್ಷೆ ಬೇರೆಯೇ ಆಗುತ್ತದೆ.

ಮೊದಲು ನೋಟಿನ ಅಳತೆ. ಹಿಂಬರ್ ಪಾಕೀಟು ಹುಟ್ಟಿದ್ದು ಡಾಲರಿಗಾಗಿ. ಡಾಲರ್ ನೋಟು ಉದ್ದ 156, ಅಗಲ 66 ಮಿಲಿಮೀಟರ್. ನಮ್ಮ ಹಳೆಯ ಐನೂರರ ನೋಟು ಉದ್ದ 167, ಅಗಲ 73. ಸಾವಿರದ್ದು ಇನ್ನೂ ಹತ್ತು ಮಿಲಿಮೀಟರ್ ಉದ್ದ. ಡಾಲರಿನ ಅಳತೆಗೆ ಸರಿಯಾಗಿ ಹೊಲಿದ ಪಾಕೀಟಿನಲ್ಲಿ ಅವನ್ನಿಟ್ಟರೆ ಅಂಚು ಹೊರಗೆ ಇಣುಕುತ್ತಿತ್ತು, ಮಡಚಿದರೆ ಉಬ್ಬುತ್ತಿತ್ತು. 2016ರ ನವೆಂಬರ್ 8ರ ರಾತ್ರಿ ಆ ಎರಡೂ ನೋಟು ರದ್ದಾದವು. ಹೊಸ ಐನೂರು ಬಂದದ್ದು 150ಕ್ಕೆ 66. ದೇಶಕ್ಕೆ ನೋಟು ರದ್ದತಿಯಿಂದ ಏನಾಯಿತೆಂದು ಅರ್ಥಶಾಸ್ತ್ರಜ್ಞರು ಜಗಳಾಡಿಕೊಳ್ಳಲಿ, ಹಿಂಬರ್ ಪಾಕೀಟಿಗಂತೂ ಅದು ಭಾರತದ ಪೌರತ್ವ ಕೊಟ್ಟಿತು. ಎರಡು ಸಾವಿರದ ನೋಟು ಮಾತ್ರ 166 ಇದ್ದು ಹಟ ಹಿಡಿದಿತ್ತು, 2023ರಲ್ಲಿ ಅದನ್ನೂ ವಾಪಸು ಪಡೆದರು. ಈಗ ನಾನು ಐವತ್ತರ ನೋಟನ್ನು ಐನೂರು ಮಾಡುತ್ತೇನೆ. ಹಂಪಿಯ ಕಲ್ಲಿನ ರಥ ಕೆಂಪುಕೋಟೆಯಾಗುತ್ತದೆ. ಪ್ರೇಕ್ಷಕರು ಚಪ್ಪಾಳೆ ಹೊಡೆಯುವುದು ರಥಕ್ಕೂ ಅಲ್ಲ, ಕೋಟೆಗೂ ಅಲ್ಲ, ನಾನೂರೈವತ್ತು ರೂಪಾಯಿಗೆ.

ಎರಡನೆಯದು ಕೋಟು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಾಡಿನಲ್ಲಿ ಕೋಟು ಹಾಕಿಕೊಂಡು ಕಟ್ಟೆಯ ಮೇಲೆ ನಿಂತವನನ್ನು ಕಂಡರೆ ಐಟಂ ಶುರುವಾಗುವ ಮೊದಲೇ ಜನಕ್ಕೆ ಅನುಮಾನ. ನಮ್ಮ ಕಡೆಯ ಉಡುಪು ನೆಹರೂ ಶರ್ಟು. ಅದರ ಕಿಸೆ ಎದೆಯ ಮೇಲಲ್ಲ, ಬಗಲಿಗೆ ತೊಡೆಯ ಮಟ್ಟದಲ್ಲಿ ಇರುತ್ತದೆ. ಜೋತುಬಿದ್ದ ಆ ಕಿಸೆಯಲ್ಲಿ ಪಾಕೀಟು ನೆಟ್ಟಗೆ ನಿಲ್ಲುವುದಿಲ್ಲ, ಅಡ್ಡ ಮಲಗುತ್ತದೆ. ಕಾಪ್ಸ್ ಪಾಕೀಟಿನ ಕಳ್ಳಬಾಯಿ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಬೆರಳು ಹುಡುಕಾಡುತ್ತದೆ, ಕಿಸೆಯ ಬಟ್ಟೆ ಕುಣಿಯುತ್ತದೆ, ಮುಂದಿನ ಸಾಲಿನ ಪೋರ ನಗುತ್ತಾನೆ.

ಹಾಗೆ ನೋಡಿದರೆ ಇಸ್ಪೀಟಿನ ಐಟಂ ಇಲ್ಲಿ ಅಷ್ಟು ನಡೆಯುವುದಿಲ್ಲ, ಆ ಮಾತು ಬೇರೆ. ಅಂದರ್ ಬಾಹರ್ ಆಡಿ ಪೊಲೀಸರ ಕೈಗೆ ಸಿಕ್ಕವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುವ ಊರುಗಳಲ್ಲಿ ಶಾಲೆಯ ಮಕ್ಕಳ ಮುಂದೆ ಎಲೆ ಹೊರತೆಗೆದರೆ ಹೆಡ್‌ಮಾಸ್ತರರ ಮುಖ ಗಂಟಾಗುತ್ತದೆ. ನಾನು ಎಲೆಗಳ ಬದಲು ಅಷ್ಟೇ ಅಳತೆಯ ರಟ್ಟಿನ ಮೇಲೆ ಕಾಗುಣಿತ ಬರೆದುಕೊಂಡಿದ್ದೇನೆ.

ಮೂರನೆಯದು ನಿಲ್ಲುವ ಬಗೆ. ಹೋಟೆಲಿನ ಮೇಜಿನ ಎದುರು ಕೂತ ನಾಲ್ಕು ಜನರನ್ನು ನೆನೆದು ಮಾಡಿದ ಪಾಕೀಟಿದು. ಜೇವರ್ಗಿಯ ಕಟ್ಟೆಯ ಮೇಲೆ ಜನ ಹಿಂದೆಯೂ ನಿಂತಿರುತ್ತಾರೆ, ಕೆಳಗೂ ಕೂತಿರುತ್ತಾರೆ, ಬೇವಿನ ಮರದ ಮೇಲೂ ಇಬ್ಬರು ಇರುತ್ತಾರೆ. ಐಟಂ ಮುಗಿದ ಕೂಡಲೇ ಒಂದು ಕೈ ಮುಂದೆ ಬಂದೇ ಬರುತ್ತದೆ: “ಪಾಕೀಟ ಇಕಡಿ ಕೊಡ್ರಿ ಮಾಸ್ತರ, ನಾವೂ ನೋಡಮಿ.” ಕೊಡದಿದ್ದರೆ ಆಟ ಕೆಟ್ಟಂತೆ. ಬಹೂಪಯೋಗಿ ಪಾಕೀಟು ಇಲ್ಲಿ ಸೋಲುತ್ತದೆ. ಆರು ಕೆಲಸಕ್ಕೆ ಆರು ಸಂದಿ, ಅದರಿಂದಾಗಿ ದಪ್ಪ, ತೂಕ, ಒಂದಲ್ಲ ಒಂದು ಬೆರಳಿಗೆ ತಾಗುವ ಜಿಪ್ಪು. ಬರೀ ಮೂರು ಎಲೆಯ ಹಿಂಬರ್ ಗೆಲ್ಲುತ್ತದೆ. ನೋಟನ್ನು ಅವರ ಕೈಗೇ ಹಾಕಿದರೆ ಕಣ್ಣು ಪಾಕೀಟು ಬಿಟ್ಟು ನೋಟಿಗೆ ಹೋಗುತ್ತದೆ, ಆ ಹೊತ್ತಿಗೆ ಪಾಕೀಟು ಕಿಸೆ ಸೇರಿರುತ್ತದೆ.

ಹಿಂಬರ್, ಕಾಪ್ಸ್ ಎಲ್ಲರಿಗಿಂತ ಮೊದಲೇ ಈ ಪರೀಕ್ಷೆಯಲ್ಲಿ ಪಾಸಾದವರು ಕಣ್ಕಟ್ಟು ತೋರಿಸಿ ಊರೂರು ತಿರುಗುವ ಸುಡುಗಾಡುಸಿದ್ಧರು. ಅವರ ಹೆಗಲಿನ ಜೋಳಿಗೆಯಲ್ಲಿ ಆಟದ ಸಾಮಾನೂ ಉಂಟು, ಭಿಕ್ಷೆಯ ಜೋಳವೂ ಉಂಟು, ಬೂದಿಯೂ ಉಂಟು. ನಮ್ಮ ದೇಶದ ಬೀದಿ ಜಾದೂಗಾರರು ಮಂತ್ರದ ಬೂದಿಗೆಂದು ಜೋಳಿಗೆಗೆ ಕೈ ಹಾಕಿದಾಗ ಬೇಡವಾದದ್ದು ಒಳಗೆ ಬೀಳುತ್ತದೆ, ಬೇಕಾದದ್ದು ಹೊರಗೆ ಬರುತ್ತದೆ. ಕೈ ಒಳಗೆ ಹೋಗಲು ಎಲ್ಲರೂ ಒಪ್ಪುವ ಕಾರಣವೊಂದು ಇದೆ. ಕಾಪ್ಸ್ ಕೋಟಿನ ಒಳಗಿಸೆಯಲ್ಲಿ ಕಂಡುಕೊಂಡದ್ದೂ ಇದನ್ನೇ. ಜೋಳಿಗೆ ನಾಲ್ಕೂ ದಿಕ್ಕಿನ ಕಣ್ಣಿಗೆ ತಡೆಯುತ್ತದೆ, ಯಾರೂ ಅದನ್ನು ‘ಕೊಡ್ರಿ ನೋಡಮಿ’ ಎನ್ನುವುದಿಲ್ಲ.

ಚೀಟಿ ಓದುವ ಕಿಂಡಿಯ ವಿಚಾರದಲ್ಲಿ ನನ್ನ ತಕರಾರು ತಾಂತ್ರಿಕವಲ್ಲ. ಅದು ಇಲ್ಲಿ ಸೊಗಸಾಗಿ ಕೆಲಸ ಮಾಡುತ್ತದೆ, ಅತಿಯಾಗಿಯೇ ಮಾಡುತ್ತದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ, ಭೀಮಾ ಅಮರ್ಜಾ ಕೂಡುವ ಜಾಗಕ್ಕೆ, ದೆವ್ವ ಬಿಡಿಸಿಕೊಳ್ಳಲು ದೂರದೂರದಿಂದ ಜನ ಬರುತ್ತಾರೆ. ಅಂಥ ಕಡೆ ಒಬ್ಬ ಹೆಣ್ಣುಮಗಳು ಮನಸ್ಸಿನಲ್ಲಿ ನೆನೆದ ಹೆಸರನ್ನು ಹೇಳಿಬಿಟ್ಟರೆ ಅವಳು ಚಪ್ಪಾಳೆ ತಟ್ಟುವುದಿಲ್ಲ, ಪಕ್ಕಕ್ಕೆ ಕರೆಯುತ್ತಾಳೆ. “ಯಪ್ಪಾ, ನನ್ನ ಮಗ ಎಲ್ಲಿ ಅದಾನ ಅಷ್ಟರೆ ಹೇಳ್ರಿ” ಎನ್ನುತ್ತಾಳೆ. ಇದೆಲ್ಲ ಪಾಕೀಟಿನ ಆಟ ಎಂದರೂ ನಂಬುವುದಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದ ರಾಜ್ಯ ಇದು, ಹುಲಿಕಲ್ ನಟರಾಜ್ ಊರೂರಿಗೆ ಹೋಗಿ ಪವಾಡಗಳ ಗುಟ್ಟು ಬಯಲು ಮಾಡುವ ರಾಜ್ಯವೂ ಹೌದು. ಆದರೂ ಆ ತಾಯಿಯ ಮುಂದೆ ಅದು ಯಾವುದೂ ನೆರವಿಗೆ ಬರುವುದಿಲ್ಲ. ಆ ಕಿಂಡಿಗೆ ನಾನು ಒಳಗಡೆಯಿಂದ ಚರ್ಮ ಅಂಟಿಸಿ ಮುಚ್ಚಿದ್ದೇನೆ. ಬೆಂಕಿಯ ಕಡ್ಡಿಯನ್ನೂ ತೆಗೆಸಿದ್ದೇನೆ, ತೊಗರಿ ಕಟ್ಟಿಗೆಯ ಬಣವೆ ಇರುವ ಊರಲ್ಲಿ ಅದರ ಸಹವಾಸ ಬೇಡ.

ಇಷ್ಟೆಲ್ಲ ಕಳೆದ ಮೇಲೆ ಉಳಿದದ್ದು ಮೂರು ಎಲೆ, ಜೊತೆಗೆ ಆ ಕಳ್ಳದಾರಿ. ಅದನ್ನು ನೆಹರೂ ಶರ್ಟಿನ ಬಗಲಗಿಸೆಗೆ ಒಗ್ಗಿಸುವುದು ಬಾಕಿ. ಪಾಕೀಟು ಅಡ್ಡ ಮಲಗುವುದಾದರೆ ಬಾಯಿ ಗಿಡ್ಡ ಅಂಚಿನಲ್ಲಿ ಅಲ್ಲ, ಉದ್ದ ಅಂಚಿನಲ್ಲಿ ಇರಬೇಕು, ಅದೂ ಹೆಬ್ಬೆರಳು ಇಳಿಯುವ ಕಡೆ. ಕಲಬುರಗಿಯಲ್ಲಿ ಬ್ಯಾಗು ರಿಪೇರಿ ಮಾಡುವವರೊಬ್ಬರಿಗೆ ಗುರುತು ಹಾಕಿ ಕೊಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿ, “ಹೊಸಾ ಪಾಕೀಟಿಗೆ ಯಾರರೆ ತೂತು ಮಾಡಿಸ್ತಾರೇನ್ರಿ ಸರ್? ರೊಕ್ಕ ಬೀಳ್ತಾವ” ಎಂದರು. ಬಿದ್ದರೆ ಬೀಳಲಿ ಎಂದೆ. ಅಂಚಿಗೆ ಮಡಿಕೆ ಹಾಕಿ ಹೊಲಿದರೆ ಕಾಗುಣಿತದ ರಟ್ಟು ಸಿಕ್ಕಿಕೊಳ್ಳುತ್ತದೆ, ಹಾಗೇ ಬಿಟ್ಟರೆ ಚರ್ಮ ಸೀಳುತ್ತದೆ ಎಂದು ಅವರೇ ಯೋಚಿಸಿ, ಬಾಯಿಯ ಎರಡು ತುದಿಗೆ ಮಾತ್ರ ನಾಲ್ಕು ನಾಲ್ಕು ಹೊಲಿಗೆ ಹಾಕಿ, ಅಂಚಿಗೆ ಮೇಣ ತಿಕ್ಕಿ ಕೊಟ್ಟರು. ರಟ್ಟು ನುಣ್ಣಗೆ ಜಾರುತ್ತದೆ. ಮಳೆಗಾಲದಲ್ಲಿ ಚರ್ಮ ಉಬ್ಬಿದಾಗಲೂ ಹೀಗೇ ಜಾರುತ್ತದೆಯೋ ಎಂದು ಆಳಂದದ ಶಾಲೆಗಳು ತೆರೆದ ಮೇಲೆ ನೋಡಬೇಕು.